ಮಣಿಕಟ್ಟಿನೊಳಗಿನ ಗಾಜು

ಕೆಂಪು ಸೋಪಿನ ವಾಸನೆ ಬಂದರೆ ಬೇರೆಯವರಿಗೆ ಬಚ್ಚಲುಮನೆ ನೆನಪಾಗಬಹುದು. ನನಗೆ ಬಳೆ ನೆನಪಾಗುತ್ತದೆ. ಕಳೆದ ತಿಂಗಳು ಹಾಗೇ ಆಯಿತು. ಸ್ಕೂಟರಿನಿಂದ ಬಿದ್ದ ಹುಡುಗಿಯೊಬ್ಬಳು ಬಲಗೈ ಊದಿಸಿಕೊಂಡು ನನ್ನ ಎಕ್ಸ್‌ರೇ ಕೋಣೆಗೆ ಬಂದಳು. ಹೊಸದಾಗಿ ಮದುವೆಯಾದವಳು, ಮಣಿಕಟ್ಟಿನ ತುಂಬ ಹಸಿರು ಗಾಜಿನ ಬಳೆ. ಬಳೆಯಿದ್ದರೆ ಅದರ ನೆರಳು ಮೂಳೆಯ ಮೇಲೆ ಬಿದ್ದು ಚಿತ್ರ ಕೆಡುತ್ತದೆ, ತೆಗೆಯಲೇಬೇಕು. ನರ್ಸ್ ಇಕ್ಕಳ ತಂದಳು. ಅದನ್ನು ನೋಡಿದ್ದೇ ತಡ, ಹುಡುಗಿ ನೋವನ್ನೂ ಮರೆತು ಕೈಯನ್ನು ದುಪಟ್ಟಾದೊಳಗೆ ಬಚ್ಚಿಟ್ಟುಕೊಂಡಳು. "ಒಡೀಬೇಡಿ ಮೇಡಂ, ಪ್ಲೀಸ್... ಮದುವೆ ಆಗಿ ಇನ್ನೂ ತಿಂಗಳೂ ಆಗಿಲ್ಲ."

ಇಕ್ಕಳವನ್ನು ಆಚೆ ಇಡಲು ಹೇಳಿ, ಒಂದು ಬಟ್ಟಲು ನೀರನ್ನೂ ಕೈತೊಳೆಯುವ ಕಡೆ ಇದ್ದ ಕೆಂಪು ಸೋಪನ್ನೂ ತರಿಸಿದೆ. ಮುಂಗೈಯನ್ನು ಅಲುಗದಂತೆ ದಿಂಬಿನ ಮೇಲಿರಿಸಿ, ನೊರೆ ಹಚ್ಚಿ, ಹೆಬ್ಬೆರಳಿನ ಬುಡವನ್ನು ಅಂಗೈಯೊಳಕ್ಕೆ ಮಡಿಸಿ ಹಿಡಿದು, "ಕೈ ಬಿಡಮ್ಮಣ್ಣಿ, ಯಾರ ಮೇಲೆ ಕೋಪ ಇದಕ್ಕೆ?" ಅಂದೆ. ಹುಡುಗಿಗೆ ಅಳುವಿನ ನಡುವೆಯೇ ನಗು ಬಂತು. ಕೈ ಸಡಿಲವಾಯಿತು, ಮೊದಲ ಬಳೆ ಜಾರಿತು. ಆ ಮಾತು ನನ್ನದಲ್ಲ. ನಾನು ಯಾರನ್ನಾದರೂ ಅಮ್ಮಣ್ಣಿ ಎಂದು ಕರೆದದ್ದೂ ಅದೇ ಮೊದಲು.

ಆ ಮಾತಿನ ಒಡತಿ ನಮ್ಮ ಆಸ್ಪತ್ರೆಯ ಎದುರಿಗೇ ಬಳೆ ಅಂಗಡಿ ಇಟ್ಟಿದ್ದರು. ಲಕ್ಷ್ಮೀಪುರಂನ ಆ ಬೀದಿಗೆಲ್ಲ ಅವರು ಬಳೆಯಮ್ಮ. ನಾನು ಈ ಮೂಳೆ ಆಸ್ಪತ್ರೆಗೆ ಕೆಲಸಕ್ಕೆ ಸೇರಿದಾಗ, ಅಂದರೆ ಎಕ್ಸ್‌ರೇ ಫಿಲ್ಮುಗಳನ್ನು ಇನ್ನೂ ಕತ್ತಲೆಕೋಣೆಯಲ್ಲಿ ತೊಳೆದು ಒಣಗಿಸುತ್ತಿದ್ದ ಕಾಲದಲ್ಲಿ, ಅವರಿಗೆ ಐವತ್ತು ದಾಟಿತ್ತು. ಒಂದೂವರೆ ಬಾಗಿಲಗಲದ ಅಂಗಡಿ. ಅದರೊಳಗೆ ಬಣ್ಣಬಣ್ಣದ ಬಳೆ ಪೋಣಿಸಿದ ಮರದ ಕೋಲುಗಳು, ಅವುಗಳ ನಡುವೆ ಗಿಡ್ಡ ಮಣೆಯ ಮೇಲೆ ದೊಡ್ಡ ಮೈಯ ಬಳೆಯಮ್ಮ, ಹಣೆಯ ತುಂಬ ವಿಭೂತಿ. ಅಂಗಡಿಯೊಳಗೆ ಅವರು ಹೋಗುತ್ತಿದ್ದುದು ಹೇಗೆ, ಬರುತ್ತಿದ್ದುದು ಹೇಗೆ ಎಂಬುದು ನನಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಒಂದು ಬಳೆಯೂ ಅವರ ಮೊಣಕೈ ತಾಗಿ ಬಿದ್ದದ್ದಿಲ್ಲ.

ನಮ್ಮಿಬ್ಬರ ಸ್ನೇಹ ಶುರುವಾದದ್ದು ಕೆಲಸದಿಂದಲೇ. ಮೂಳೆ ಆಸ್ಪತ್ರೆಗೆ ಮುರಿದ ಕೈಗಳು ಬರುತ್ತವೆ, ಮುರಿದ ಕೈಗಳಲ್ಲಿ ಬಳೆಗಳಿರುತ್ತವೆ, ಅವನ್ನು ಒಡೆಯಲು ಯಾವ ಹೆಂಗಸೂ ಒಪ್ಪುವುದಿಲ್ಲ. ಮುತ್ತೈದೆಯ ಕೈಯ ಬಳೆಗೆ ಇಕ್ಕಳ ಹಾಕಿದರೆ ಗಂಡನಿಗೇ ಇಕ್ಕಳ ಹಾಕಿದಂತೆ ನೋಡುತ್ತಿದ್ದರು. ಹೊಸದರಲ್ಲಿ ನಾನು ವಾದ ಮಾಡುತ್ತಿದ್ದೆ, ಡಿಪ್ಲೊಮಾ ಮುಗಿಸಿ ಬಂದ ಗರ್ವ ಬೇರೆ. ವಾದದಲ್ಲಿ ಒಮ್ಮೆಯೂ ಗೆದ್ದವಳಲ್ಲ. ಕೊನೆಗೆ ಆಯಾ ಒಬ್ಬಳು, ಎದುರುಗಡೆ ಅಂಗಡಿಯವರನ್ನು ಕರೆಯಿರಿ ಎಂದಳು. ಆಮೇಲೆ ಅದೇ ರೂಢಿಯಾಯಿತು. ಎಕ್ಸ್‌ರೇ ಕೋಣೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ "ಅಮ್ಮಾ, ಒಂದು ಕೈ ಬಂದಿದೆ!" ಎಂದು ಕೂಗಿದರೆ ಸಾಕು, ಬಳೆಯಮ್ಮ ಹೆಗಲಿಗೆ ಟವೆಲು ಹಾಕಿಕೊಂಡು, ಆಟೋಗಳನ್ನು ಅಂಗೈ ಎತ್ತಿ ನಿಲ್ಲಿಸುತ್ತ ರಸ್ತೆ ದಾಟಿ ಬರುತ್ತಿದ್ದರು.

ಬಂದವರು ಕೈಯನ್ನು ನೋಡುತ್ತಲೇ ಇರಲಿಲ್ಲ. ಹೆಂಗಸಿನ ಮುಖ ನೋಡಿ ಮಾತಿಗೆ ಶುರುಮಾಡುತ್ತಿದ್ದರು. ಯಾವೂರು, ಮನೇಲಿ ಏನಡಿಗೆ, ನಾದಿನಿ ಹೇಗೆ. ನಾದಿನಿಯ ಮಾತಿಗೆ ಯಾರೂ ಸುಮ್ಮನಿರುವುದಿಲ್ಲವಲ್ಲ, ಹೆಂಗಸು ದೂರು ಹೇಳುತ್ತಿರುವಾಗಲೇ ಸೋಪಿನ ನೊರೆಯಲ್ಲಿ ಬಳೆಗಳು ಒಂದೊಂದಾಗಿ ಟವೆಲಿಗೆ ಬೀಳುತ್ತಿದ್ದವು. "ಕೈಗೆ ಕಿವಿ ಅದೆ ಕಣಮ್ಮಣ್ಣಿ," ಎನ್ನುತ್ತಿದ್ದರು ನನಗೆ. "ನಾವು ಅದರ ಬಗ್ಗೆನೇ ಮಾತಾಡಿದ್ರೆ ಬಿಗೀಕತದೆ. ಬೇರೆ ಏನಾದ್ರೂ ಮಾತಾಡು, ಅದ್ರ ಪಾಡಿಗೆ ಅದು ಬುಟ್ಕೊಡ್ತದೆ." ತೆಗೆದ ಬಳೆಗಳನ್ನು ದಾರಕ್ಕೆ ಪೋಣಿಸಿ ಅಂಗಡಿಯ ಗೋಡೆಯ ಮೊಳೆಗೆ ನೇತುಹಾಕುವರು. ಪಟ್ಟಿ ಬಿಚ್ಚಿದ ದಿನ ಆ ಹೆಂಗಸು ಮರಳಿ ಹೋಗಿ ಅವರ ಮುಂದೆ ಕೈ ಚಾಚಿದರೆ ಅದೇ ಬಳೆ, ಅದೇ ಕೈಗೆ. ಯಾವ ಗೊಂಚಲು ಯಾರದೆಂದು ಅವರು ಎಂದೂ ತಪ್ಪಿದ್ದಿಲ್ಲ.

ಒಮ್ಮೆ ಗೋಕುಲಂನಿಂದ ಯೋಗ ಕಲಿಯಲು ಬಂದಿದ್ದ ವಿದೇಶಿ ಹೆಂಗಸು, ತಲೆಕೆಳಗಾಗಿ ನಿಲ್ಲಲು ಹೋಗಿ ಕೈ ಉಳುಕಿಸಿಕೊಂಡು ಬಂದಿದ್ದಳು. ಕೈಗೆ ಎರಡು ಅಳತೆ ಚಿಕ್ಕದಾದ ಬಳೆಗಳನ್ನು ಹೇಗೋ ತುರುಕಿಕೊಂಡಿದ್ದಳು. ಕತ್ತರಿಸಿ ಎಂದು ಅವಳೇ ಹೇಳುತ್ತಿದ್ದಳು, ಬಳೆಯಮ್ಮ ಬಿಡಲಿಲ್ಲ. ಯಾರು ನಿಂಗೆ ಈ ಅಳತೆ ಕೊಟ್ಟೋರು, ಅವರ ಅಂಗಡಿ ಎಲ್ಲಿ, ಬಾ ತೋರ್ಸು ಎಂದು ಅಪ್ಪಟ ಕನ್ನಡದಲ್ಲಿ ಬೈಯುತ್ತಲೇ ಎಲ್ಲವನ್ನೂ ಬಿಚ್ಚಿಟ್ಟರು. ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಹೋಗುವಾಗ ಅವರ ಕೈಹಿಡಿದು ಮುತ್ತು ಕೊಟ್ಟು ಹೋದಳು. ಬಳೆಯಮ್ಮ ಆ ದಿನವಿಡೀ ಆ ಕೈಯನ್ನು ಎಲ್ಲರಿಗೂ ತೋರಿಸುತ್ತಿದ್ದರು.

ಊರಿಗೆಲ್ಲ ಬಳೆ ತೊಡಿಸುತ್ತಿದ್ದವರ ಆ ಕೈಗಳು ಮಾತ್ರ ಬೋಳು. ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು. ಬಳೆ ವ್ಯಾಪಾರ ಅವರದೇ, ಈಕೆ ಅವರಿಂದ ಕಲಿತದ್ದು. ಈಗಿನ ಕಾಲದಲ್ಲಿ ಯಾರಮ್ಮ ಅದೆಲ್ಲ ನೋಡುತ್ತಾರೆ, ನೀವೂ ಹಾಕಿಕೊಳ್ಳಿ ಎಂದು ನಾನೊಮ್ಮೆ ಬಾಯಿಬಿಟ್ಟೆ. "ಯಾರೋ ನೋಡ್ತಾರೆ ಅಂತಲ್ಲ ಕಣಮ್ಮಣ್ಣಿ, ಅಭ್ಯಾಸ ತಪ್ಪೋಯ್ತು," ಎಂದು ಹೇಳಿ ಗಿರಾಕಿಯ ಕಡೆ ತಿರುಗಿದರು.

ಒಂದು ಮದುವೆ ಸುಗ್ಗಿಯಲ್ಲಿ ಅವರ ಬಲಗೈ ಕೆಟ್ಟಿತು. ಅದಕ್ಕೂ ಕೆಲವು ತಿಂಗಳ ಮುಂಚಿನಿಂದ ಮಣಿಕಟ್ಟಿನ ಮೇಲ್ಭಾಗ ಚಳುಕು ಹೊಡೆಯುತ್ತಿತ್ತಂತೆ, ಎಣ್ಣೆ ತಿಕ್ಕಿ ಸುಮ್ಮನಾಗಿದ್ದರು. ಆ ದಿನ ಯಾರಿಗೋ ಬಳೆ ಏರಿಸುತ್ತಿದ್ದಾಗ ಟಕ್ಕೆಂದು ಸದ್ದಾಯಿತು. ಬಳೆ ಒಡೆಯಿತೆಂದುಕೊಂಡು ಅವರು ಮಣೆಯ ಸುತ್ತ ಚೂರು ಹುಡುಕಿದ್ದಾರೆ. ಚೂರು ಸಿಗಲಿಲ್ಲ, ಬಳೆ ಗಿರಾಕಿಯ ಕೈಯಲ್ಲಿ ಸರಿಯಾಗೇ ಇತ್ತು. ಆಮೇಲಷ್ಟೇ ನೋವು ಗೊತ್ತಾದದ್ದು. ಈ ಸಲ ನಾನು ಕಿಟಕಿಯಿಂದ ಕರೆಯಬೇಕಾಗಿರಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡು ಅವರೇ ರಸ್ತೆ ದಾಟಿ ಬಂದು "ಒಂದು ಕೈ ಬಂದದೆ ನೋಡವ್ವ" ಅಂದರು. ಬಾಯಿ ನಗುತ್ತಿತ್ತು, ಮುಖ ಬಿಳುಚಿತ್ತು.

ಫಿಲ್ಮನ್ನು ತೊಳೆದು ಬೆಳಕಿಗೆ ಹಿಡಿದೆ. ಮುಂಗೈ ಮೂಳೆಯ ತುದಿಯಲ್ಲಿ ಮೂಳೆಯೇ ಇರಲಿಲ್ಲ. ನೇರಳೆಹಣ್ಣಿನಷ್ಟು ಜಾಗ ಕಪ್ಪಗೆ ಪೊಳ್ಳಾಗಿ, ಸುತ್ತ ಮೊಟ್ಟೆಚಿಪ್ಪಿನಂಥ ತೆಳು ಗೋಡೆ ಉಳಿದಿತ್ತು. ಆ ಗೋಡೆ ಸೀಳಿತ್ತು. ಡಾಕ್ಟರು ಬೇರೆ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಕೆಟ್ಟ ಗಂಟೇನಲ್ಲ, ಸುಮ್ಮನೆ ನೀರುಗುಳ್ಳೆ ಎಂದು ಹೇಳುವವರೆಗೆ ನನಗೆ ಊಟ ಸೇರಲಿಲ್ಲ. ಬಳೆಯಮ್ಮ ಚೆನ್ನಾಗೇ ಊಟ ಮಾಡುತ್ತಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ, ಕೇಳಿದ್ದನ್ನೇ ಕೇಳುತ್ತಿದ್ದರು. "ಈ ಕೈ ಮತ್ತೆ ಅದುಮ್ತದಾ?" ಬಳೆ ತೊಡಿಸುವುದೆಂದರೆ ಅದುಮುವುದು. ಬಲಗೈ ಅದುಮದಿದ್ದರೆ ಅಂಗಡಿಯಿಲ್ಲ, ಅಂಗಡಿಯಿಲ್ಲದಿದ್ದರೆ ಬಳೆಯಮ್ಮನೂ ಇಲ್ಲ. ಮಗ ಹೂಟಗಳ್ಳಿಯ ಕಾರ್ಖಾನೆಯಲ್ಲಿದ್ದ, ಬಂದು ನಮ್ಮ ಜೊತೆ ಇದ್ದುಬಿಡಮ್ಮ ಎನ್ನುತ್ತಿದ್ದ. ಹೊಟ್ಟೆಗೆ ತೊಂದರೆಯಿರಲಿಲ್ಲ. ಆದರೆ ಬೇರೊಬ್ಬರ ಕೈ ಹಿಡಿಯದೆ ದಿನ ಕಳೆಯುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ.

ಪೊಳ್ಳನ್ನು ಕೆರೆದು ಶುಚಿಮಾಡಿ ಏನನ್ನಾದರೂ ತುಂಬಬೇಕು, ಬರೀ ಬಿಟ್ಟರೆ ಇಷ್ಟು ದೊಡ್ಡ ಜಾಗ ತಾನಾಗಿ ಮುಚ್ಚಿಕೊಳ್ಳುವುದು ಕಷ್ಟ ಎಂದರು ಡಾಕ್ಟರು. ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ತುಂಬಬಹುದು ಎಂದಾಗ ಬಳೆಯಮ್ಮ ಕೈ ಅಡ್ಡ ಹಿಡಿದರು. ಮಣೆ ಮೇಲೆ ಕೂತು ಮಾಡುವ ಕಸುಬು, ಸೊಂಟದ ತಂಟೆಗೆ ಬರಬೇಡಿ. ಡಾಕ್ಟರಿಗೂ ಆ ವಯಸ್ಸಿನಲ್ಲಿ ಎರಡು ಗಾಯ ಮಾಡುವ ಮನಸ್ಸಿರಲಿಲ್ಲ. ದನದ ಮೂಳೆಯನ್ನು ಶುದ್ಧಮಾಡಿ ತಯಾರಿಸಿದ ಪುಡಿಯೂ ಬರುತ್ತದೆ. ಆ ಮಾತನ್ನು ಅರ್ಧ ಎತ್ತಿದವರು, ಎದುರಿಗಿದ್ದ ವಿಭೂತಿಯನ್ನು ನೋಡಿ ಕೆಮ್ಮಿ ಸುಮ್ಮನಾದರು. "ಇನ್ನೊಂದಿದೆ," ಅಂದರು. "ಅದು ಗಾಜು."

ಬಳೆಯಮ್ಮ ನನ್ನ ಮುಖ ನೋಡಿದರು. ನಾನು ಡಾಕ್ಟರ ಮುಖ ನೋಡಿದೆ.

ತಮಾಷೆಯಲ್ಲ ಎಂದು ಡಾಕ್ಟರು ಒಂದು ಪುಟ್ಟ ಸೀಸೆ ತಂದು ತೋರಿಸಿದರು. ಒಳಗೆ ರವೆಯಂಥ ಬಿಳಿಯ ಕಾಳುಗಳು. ಮರಳು, ಸೋಡಾ, ಸುಣ್ಣ, ಅದರ ಜೊತೆ ಒಂದಿಷ್ಟು ರಂಜಕ ಸೇರಿಸಿ ಕರಗಿಸಿ ಮಾಡಿದ ಗಾಜು. ಇದನ್ನು ಮೂಳೆಯೊಳಗೆ ಇಟ್ಟರೆ ಸುಮ್ಮನೆ ಕೂರುವುದಿಲ್ಲ, ಮೈಯ ನೀರು ತಾಗಿದ ಮೇಲೆ ಪ್ರತಿ ಕಾಳಿನ ಮೇಲೂ ಒಂದು ಪದರ ಕಟ್ಟುತ್ತದೆ, ಆ ಪದರ ನಮ್ಮ ಮೂಳೆಯ ಸುಣ್ಣದ ಜಾತಿಯದೇ ಎಂದರು. "ಮೂಳೆ ಇದನ್ನ ಹೊರಗಿನದು ಅಂತ ದೂಡಲ್ಲ ಅಮ್ಮ. ನಮ್ಮದೇ ಅಂದುಕೊಂಡು ಅಂಟಿಕೊಂಡು ಬೆಳೆಯುತ್ತೆ. ಬೆಳೀತಾ ಬೆಳೀತಾ ಗಾಜು ಕರಗಿ ಹೋಗುತ್ತೆ, ಆ ಜಾಗಕ್ಕೆ ನಿಮ್ಮ ಮೂಳೆ ಬಂದು ಕೂರುತ್ತೆ." ಡಾಕ್ಟರು ಮಾತಿನಲ್ಲಿ ಜಿಪುಣರು, ಕಾಲು ಕತ್ತರಿಸುವ ವಿಷಯವನ್ನೂ ಎರಡೇ ವಾಕ್ಯದಲ್ಲಿ ಮುಗಿಸುವವರು. ಅಂದು ಇಷ್ಟೆಲ್ಲ ವಿವರಿಸಿದ್ದು ಎದುರು ಅಂಗಡಿಯ ಮೇಲಿನ ಗೌರವದಿಂದಲೇ ಇರಬೇಕು.

ಬಳೆಯಮ್ಮ ಆಗಲಿ ಎನ್ನಲಿಲ್ಲ. ಕೈಗೆ ಪಟ್ಟಿ ಹಾಕಿಸಿಕೊಂಡು ಎದ್ದುಹೋದರು. ಅವರ ಭಯ ನನಗೆ ಗೊತ್ತಿತ್ತು. ಜೀವಮಾನವಿಡೀ ಅವರು ಗಾಜನ್ನು ಮೈಯ ಹೊರಗೆ ಇಡುವುದಕ್ಕೇ ಒದ್ದಾಡಿದವರು. ಒಂದು ಬಳೆ ಒಡೆದರೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಚೂರನ್ನು ಕಾಗದದಲ್ಲಿ ಸುತ್ತಿ, ಯಾರೂ ತುಳಿಯದ ಕಡೆ ಗಿಡದ ಬುಡದಲ್ಲಿ ಹೂಳುತ್ತಿದ್ದರು. ಗಾಜಿನ ಚೂರು ಮೈಯೊಳಗೆ ಹೊಕ್ಕರೆ ರಕ್ತದ ಜೊತೆ ಓಡಾಡಿ ಒಂದು ದಿನ ಗುಂಡಿಗೆಗೆ ಚುಚ್ಚುತ್ತದೆ ಎಂದು ಬೀದಿಯ ಮಕ್ಕಳನ್ನೆಲ್ಲ ಹೆದರಿಸಿಟ್ಟಿದ್ದರು. ಅಂಥವರಿಗೆ ಒಂದು ಸೀಸೆ ಗಾಜನ್ನು ಮೂಳೆಗೇ ತುಂಬುತ್ತೇವೆ ಎಂದರೆ ಹೇಗಾಗಬೇಡ? ಆ ವಾರ ಅಂಗಡಿ ತೆರೆದಿರುತ್ತಿತ್ತು, ಅವರು ಮಣೆಯ ಮೇಲೆ ಕೂತಿರುತ್ತಿದ್ದರು, ಬಂದವರು ತಾವೇ ಬಳೆ ಆರಿಸಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಕಿಟಕಿಯಿಂದ ನೋಡಿ ನನಗೆ ಸಂಕಟವಾಗುತ್ತಿತ್ತು. ಒಂದೆರಡು ಕೈಗಳು ಆಸ್ಪತ್ರೆಗೂ ಬಂದವು. ನಾನು ಕೂಗಲಿಲ್ಲ, ಆದರೆ ಅವರಿಗೆ ಅದು ಹೇಗೋ ತಿಳಿದಿತ್ತು.

ಮುಂದಿನ ಸೋಮವಾರ ಶಿವಪೂಜೆ ಮುಗಿಸಿ ನೇರ ಬಂದರು. ಮಡಿಲಲ್ಲಿ ಒಂದು ಬಿಳಿ ಬಟ್ಟೆಯ ಗಂಟು. ಡಾಕ್ಟರ ಮೇಜಿನ ಮೇಲೆ ಎಡಗೈಯಲ್ಲೇ ಬಿಚ್ಚಿದರು. ದಾರಕ್ಕೆ ಪೋಣಿಸಿದ ಒಂದು ಗೊಂಚಲು ಹಸಿರು ಬಳೆ, ಅರಿಸಿನ ನೀರಿನಲ್ಲಿ ತೊಳೆದದ್ದು, ಇನ್ನೂ ತೇವವಿತ್ತು.

"ಹಾಕೋದಾದ್ರೆ ಇವನ್ನೇ ಅರೆದು ಹಾಕ್ಬುಡಿ ಸ್ವಾಮಿ. ಯಾರ್ದೋ ಗಾಜು ಯಾಕೆ, ನನ್ನದೇ ಅದೆಯಲ್ಲ."

ಡಾಕ್ಟರು ನಗುತ್ತಾರೆಂದುಕೊಂಡೆ. ನಗಲಿಲ್ಲ. ಒಂದು ಬಳೆಯನ್ನು ಬೆರಳಿಂದ ತಿರುಗಿಸಿ ನೋಡಿದರು. "ಇದು ಒಳ್ಳೇ ಗಾಜು ಅಮ್ಮ. ಅದೇ ತೊಂದರೆ. ಇದು ಕರಗೋದೇ ಇಲ್ಲ, ಇಟ್ಟಲ್ಲೇ ಇಟ್ಟ ಹಾಗೇ ಇದ್ದುಬಿಡುತ್ತೆ, ಬಣ್ಣಕ್ಕೆ ಹಾಕಿರೋದು ಮೈಗೂ ಆಗಲ್ಲ. ನನಗೆ ಬೇಕಾಗಿರೋದು ಕರಗೋ ಗಾಜು."

ಬಳೆಯಮ್ಮ ಗೊಂಚಲನ್ನು ಎಡಗೈಯಲ್ಲಿ ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಅವರಿಗೇ ನಗು ಬಂತು. ಹೊಟ್ಟೆ ಕುಲುಕಿಸಿಕೊಂಡು ನಕ್ಕರು. "ಕರಗೋ ಗಾಜು ಮಾರಿದ್ರೆ ನಮ್ಮನ್ನ ಬೀದಿ ಬುಟ್ಟು ಓಡಿಸ್ತಿದ್ರು. ನೀವು ಅದನ್ನೇ ಒಳ್ಳೇದು ಅಂತೀರಿ. ಆಯ್ತು ಸ್ವಾಮಿ, ನಿಮ್ಮ ಗಾಜೇ ಹಾಕಿ." ಹೀಗೆ ಒಪ್ಪಿಗೆಯಾಯಿತು. ನಾನು ವಾರವಿಡೀ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಬುದ್ಧಿಮಾತುಗಳೆಲ್ಲ ಹಾಗೇ ಉಳಿದವು.

ಹೊರಗಿನ ಬೆಂಚಿನ ಮೇಲೆ ಕೂತು ಬಳೆಗಳನ್ನು ಬಟ್ಟೆಗೆ ಸುತ್ತಲು ನಾನು ನೆರವಾದೆ. ಆಗ ಹೇಳಿದರು. ಅವು ಅವರ ಗಂಡ ಅವರ ಕೈಗೆ ತೊಡಿಸಿದ ಕೊನೆಯ ಬಳೆಗಳು. ಗಂಡ ತೀರಿಕೊಂಡಾಗ ಹೆಂಗಸರು ಕಲ್ಲು ತಂದರಂತೆ. "ಮುಟ್ಟಕೂಡದು ಅಂದೆ. ಅವರು ಹಾಕಿದ್ದನ್ನ ಕಲ್ಲಲ್ಲಿ ಒಡೆಯೋದಾ? ನಾನೇ ಬಿಚ್ಚಿಟ್ಟೆ, ಒಂದೂ ಒಡೀಲಿಲ್ಲ..." ಇಷ್ಟು ವರ್ಷ ಅವರು ಆಸ್ಪತ್ರೆಗೆ ಬಂದು ಬಿಚ್ಚಿಕೊಟ್ಟ ಬಳೆಗಳೆಲ್ಲ ನನ್ನ ಕಣ್ಣಮುಂದೆ ಬಂದವು. ಅವರು ಗಂಟನ್ನು ಮಡಿಲಿಗೆ ಹಾಕಿಕೊಂಡು, ಅಂಗಡಿಗೆ ಯಾರೋ ಬಂದ ಹಾಗಿದೆ ಎಂದು ಎದ್ದರು.

ಆಪರೇಷನ್ ಕೋಣೆಯಲ್ಲಿ ಎಕ್ಸ್‌ರೇ ಯಂತ್ರ ನಡೆಸಲು ನಾನೂ ಇದ್ದೆ. ತೋಳಿಗೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಿದ್ದರು, ಹಸಿರು ಪರದೆಯ ಆಚೆ ಬಳೆಯಮ್ಮ ಎಚ್ಚರವಾಗಿದ್ದರು. ಡಾಕ್ಟರು ಪೊಳ್ಳನ್ನು ಕೆರೆದು ತೊಳೆದರು. ಗಾಜಿನ ಕಾಳುಗಳಿಗೆ ಬಳೆಯಮ್ಮನದೇ ರಕ್ತ ಬೆರೆಸಿ ಕಲಸಿದಾಗ ಅದು ಒದ್ದೆ ಮರಳಿನ ಹಾಗೆ ಒಂದಕ್ಕೊಂದು ಹತ್ತಿಕೊಂಡಿತು. ಆಗ ಪರದೆಯ ಆಚೆಯಿಂದ ದನಿ ಬಂತು. "ಯಾವ ಬಣ್ಣ ಅದೆ ಅಮ್ಮಣ್ಣಿ?"

"ಬಿಳಿ ಇತ್ತಮ್ಮ. ಈಗ ಕೆಂಪಾಯ್ತು."

"ಕೆಂಪಾ? ಹಸಿರು ಇರ್ಲಿಲ್ವಾ?" ಅಂದರು. ಮುಖಕ್ಕೆ ಬಟ್ಟೆ ಕಟ್ಟಿದ್ದ ಡಾಕ್ಟರ ಕಣ್ಣಂಚು ಸುಕ್ಕಾದದ್ದನ್ನು ನಾನು ನೋಡಿದೆ. ಚಮಚದಿಂದ ತುಂಬಿ ತುಂಬಿ ಒತ್ತಿದರು. ನನ್ನ ಯಂತ್ರದ ಪರದೆಯ ಮೇಲೆ ಕಪ್ಪು ಜಾಗ ಚುಕ್ಕಿ ಚುಕ್ಕಿಯಾಗಿ ಬೆಳ್ಳಗಾಗುತ್ತ ಬಂತು.

ಆಮೇಲಿನ ತಿಂಗಳುಗಳು ಕಾಯುವುದರಲ್ಲೇ ಹೋದವು. ಬಂದಾಗಲೆಲ್ಲ ಫಿಲ್ಮು ತೊಳೆದು, ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ ಬೆಳಕಿಗೆ ಹಿಡಿದು ಇಬ್ಬರೂ ನೋಡುತ್ತಿದ್ದೆವು. ಮೊದಮೊದಲು ಕಾಳುಗಳು ಒಂದೊಂದೂ ಬೇರೆಯಾಗಿ ಕಾಣುತ್ತಿದ್ದವು. ಆಮೇಲೆ ಅಂಚು ಮಸುಕಾಯಿತು. ಗೋಡೆಯ ಸೀಳು ಮುಚ್ಚಿತು. ಬರುಬರುತ್ತ ಅಂಚಿನ ಕಾಳುಗಳು ಯಾವುವು, ಮೂಳೆ ಯಾವುದು ಎಂದು ನಾನೇ ತಡಕಾಡತೊಡಗಿದೆ. ಕಾಳು ಮಾಯವಾದ ಜಾಗ ತೋರಿಸಿದಾಗ ಬಳೆಯಮ್ಮನಿಗೆ ಗಾಬರಿ. "ಎಲ್ಲೋಯ್ತು? ಗುಂಡಿಗೆ ಕಡೆ ಹೊರಟದೋ ಏನೋ!"

ಎಲ್ಲೂ ಹೋಗಿಲ್ಲಮ್ಮ, ಕರಗಿ ಜಾಗ ಬಿಟ್ಟುಕೊಟ್ಟಿದೆ, ಅಲ್ಲಿರುವುದು ಈಗ ನಿಮ್ಮ ಮೂಳೆ ಎಂದು ಹೇಳಿದೆ. ಫಿಲ್ಮನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ನೋವಿರಲಿಲ್ಲ, ಡಾಕ್ಟರು ಮೆಲ್ಲಗೆ ಕೆಲಸ ಶುರುಮಾಡಿ ಎಂದೂ ಹೇಳಿದ್ದರು. ಆದರೂ ಅಂಗಡಿಯಲ್ಲಿ ಅವರು ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಮದುವೆ ಹೆಣ್ಣಿನ ಕೈಯಲ್ಲಿ ಬಳೆ ಒಡೆದರೆ ಅದು ಸಣ್ಣ ಮಾತಲ್ಲ, ಆ ಮನೆಯವರು ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಾರೆ. ಈ ಕೈಯನ್ನು ಯಾರ ಮೇಲೆ ಪರೀಕ್ಷೆ ಮಾಡುವುದು ಎನ್ನುವುದೇ ಅವರ ಚಿಂತೆ. ನನ್ನ ಕೈ ಮುಂದೆ ಮಾಡಿದೆ. ಮದುವೆಯಾಗದ ಹುಡುಗಿ ಕೈ, ಬೇಡವೇ ಬೇಡ ಎಂದು ಹಿಂದಕ್ಕೆ ತಳ್ಳಿದರು.

ಒಂದು ಮಧ್ಯಾಹ್ನ ಆಸ್ಪತ್ರೆ ಖಾಲಿಯಿತ್ತು. ಬಳೆಯಮ್ಮ ಎಕ್ಸ್‌ರೇ ಕೋಣೆಗೆ ಬಂದು ಬಾಗಿಲು ಮುಂದಕ್ಕೆ ಮಾಡಿದರು. ಮಡಿಲಿನಿಂದ ಅದೇ ಬಿಳಿ ಗಂಟು ತೆಗೆದರು. ಸೋಪನ್ನೂ ಮುಟ್ಟದೆ, ಸ್ಟೂಲಿನ ಮೇಲೆ ಕೂತು, ತಮ್ಮದೇ ಎಡಗೈಯನ್ನು ತೊಡೆಯ ಮೇಲಿಟ್ಟು, ಬಲಗೈಯಿಂದ ಅದರ ಗೆಣ್ಣುಗಳನ್ನು ಒಂದುಗೂಡಿಸಿ ಹಿಡಿದರು.

"ಬೇರೆಯೋರ ಕೈಲಿ ಒಡೆದ್ರೆ ಅಪಶಕುನ. ನನ್ನ ಕೈಲಿ ಒಡೆದ್ರೆ ಯಾರಿಗೇನು?" ಅಂದರು. ಆಮೇಲೆ, "ಏನಾದ್ರೂ ಮಾತಾಡು ಅಮ್ಮಣ್ಣಿ, ಬಿಗೀಕತದೆ."

ನಾನು ಇಲ್ಲದ ನಾದಿನಿಯೊಬ್ಬಳನ್ನು ಹುಟ್ಟಿಸಿಕೊಂಡು ದೂರು ಹೇಳತೊಡಗಿದೆ. ಅವರು ಹೂಂ ಹೂಂ ಎನ್ನುತ್ತ ಅದುಮಿದರು. ಮೊದಲ ಬಳೆ ಗೆಣ್ಣಿನ ಹತ್ತಿರ ನಿಂತಿತು. ಹಣೆಯಲ್ಲಿ ಬೆವರು. ಬಲ ಮಣಿಕಟ್ಟಿನ ಗಾಯದ ಗುರುತು ಬಿಗಿದು ಬೆಳ್ಳಗಾದದ್ದು ನನಗೆ ಕಾಣುತ್ತಿತ್ತು. ಅದರೊಳಗಿನ ಮೂಳೆಯನ್ನು ನನ್ನಷ್ಟು ಬಲ್ಲವರು ಯಾರಿದ್ದರು? ಅದು ತಡೆಯಲಿ ಎಂದು ದೇವರನ್ನು ಬೇಡಿಕೊಂಡೆ... ಬಳೆ ಏರಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಗೊಂಚಲು ಮುಗಿದಾಗ ಕೈ ಎತ್ತಿ ಒಮ್ಮೆ ಅಲ್ಲಾಡಿಸಿದರು. ಆ ಸದ್ದಿಗೆ ನಾವಿಬ್ಬರೂ ಅತ್ತೆವು, ಆಮೇಲೆ ಇಬ್ಬರೂ ನಕ್ಕೆವು.

ಸೋಪು ತರಲೇ, ಬಿಚ್ಚುತ್ತೀರಾ ಎಂದು ಕೇಳಿದೆ.

"ಯಾಕೆ ಬಿಚ್ಲಿ?" ಅಂದರು. "ಮೂಳೆವಳಗೇ ಗಾಜು ಹಾಕ್ಬುಟ್ರು, ಯಾರೂ ಬ್ಯಾಡ ಅನ್ನಲಿಲ್ಲ. ಹೊರಗಡೆ ಇದ್ರೆ ಯಾರಿಗೇನು ಭಾರ?"

ಹಾಗೇ ರಸ್ತೆ ದಾಟಿ ಹೋದರು. ಬೀದಿಯಲ್ಲಿ ಒಂದಿಬ್ಬರು ಮೂಗು ಮುರಿದರು. ಬಳೆಯಮ್ಮ ಅಂಥವರ ಕೈಯನ್ನೂ ಹಿಡಿದು ಬಳೆ ಏರಿಸುತ್ತ ಅವರವರ ನಾದಿನಿಯ ಸುದ್ದಿ ಕೇಳಿದರು, ಅಲ್ಲಿಗೆ ಎಲ್ಲ ತಣ್ಣಗಾಯಿತು. ಮಾರನೆಯ ವರ್ಷ ಡಾಕ್ಟರು ಹೋಲಿಸಿ ನೋಡಲು ಎರಡೂ ಕೈಗಳ ಚಿತ್ರ ಬೇಕೆಂದರು. ಎಡಗೈ ಬಳೆ ಬಿಚ್ಚಲು ಆಕೆ ಒಪ್ಪಲಿಲ್ಲ, ಹಾಗೇ ತೆಗೆದೆ. ಬಳೆ ತೆಗೆಸಬೇಕೆಂದು ಗೊತ್ತಿಲ್ಲವೇ ಎಂದು ಡಾಕ್ಟರು ಗದರಿದರು. "ಬಿಚ್ಚೋದಕ್ಕೆ ಕರೆಯೋದೇ ಅವರನ್ನ ಸಾರ್, ಅವರೇ ಒಲ್ಲೆ ಅಂದ್ರೆ ಯಾರನ್ನ ಕರೀಲಿ?" ಎಂದೆ. ಆ ಫಿಲ್ಮಿನಲ್ಲಿ ಎಡಗಡೆ ಬಳೆಗಳ ಬಿಳಿಯ ಸುತ್ತುಗಳು ಸಾಲಾಗಿ ನಿಂತಿವೆ. ಬಲಗಡೆ ಮೂಳೆಯ ನಡುವೆ ನಾಲ್ಕಾರು ಚುಕ್ಕಿಗಳಷ್ಟೇ ಉಳಿದಿವೆ. ಡಾಕ್ಟರು ಬೇಡವೆಂದ ಆ ಫಿಲ್ಮು ಈಗಲೂ ನನ್ನ ಬೀರುವಿನಲ್ಲಿದೆ.

ನನ್ನ ಮದುವೆಯ ಬಳೆ ತೊಡಿಸಿದ್ದು ಅವರೇ. ಗಂಡನಿಲ್ಲದವರ ಕೈಯಲ್ಲಿ ಬಳೆ ಕಂಡು ನನ್ನ ತಾಯಿ ಮೊದಲು ಮುಖ ಸಣ್ಣಗೆ ಮಾಡಿದರು. ಬಳೆಯಮ್ಮ ಬಂದು ಕೂತು ಕೈ ಹಿಡಿದ ಮೇಲೆ ಅವರೂ ಪಕ್ಕದಲ್ಲಿ ಕೂತು ತಮ್ಮ ನಾದಿನಿಯ ದೂರು ಹೇಳಿಕೊಂಡರು. ಆಮೇಲೂ ಎಷ್ಟೋ ವರ್ಷ ಕಿಟಕಿಯಿಂದ ಕೂಗುತ್ತಿದ್ದೆ, ಅವರು ಬರುತ್ತಿದ್ದರು. ಬಂದಾಗಲೆಲ್ಲ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ನೀನೂ ಕಲಿತುಕೊ, ನಾನೇನು ಶಾಶ್ವತವೇ ಎನ್ನುತ್ತಿದ್ದರು. ಆಮೇಲೆ ಮಂಡಿ ಹಿಡಿದು ರಸ್ತೆ ದಾಟುವುದು ಕಷ್ಟವಾಯಿತು. ಅಂಗಡಿ ಮುಚ್ಚಿ ಹೂಟಗಳ್ಳಿಗೆ ಮಗನ ಮನೆಗೆ ಹೋದರು. ಅಲ್ಲೂ ಕಾರ್ಖಾನೆಗೆ ಹೋಗುವ ಹುಡುಗಿಯರಿಗೆಲ್ಲ ಬಾಗಿಲಲ್ಲಿ ಕೂತು ಬಳೆ ಏರಿಸುತ್ತಿದ್ದರಂತೆ. ಆ ಬಲಗೈ ಕೊನೆಯವರೆಗೂ ಕೈಕೊಡಲಿಲ್ಲ.

ಹೋದ ವರ್ಷ ಮಗ ಫೋನ್ ಮಾಡಿದ. ಹೋದಾಗ ಅವರನ್ನು ಹೂವಿನ ನಡುವೆ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ನಿದ್ದೆ ಬಂದ ಹಾಗೆ ತಲೆ ಒಂದು ಕಡೆಗೆ ವಾಲಿತ್ತು. ಎಡಗೈಯಲ್ಲಿ ಹಸಿರು ಬಳೆ. ಮಣ್ಣು ಮಾಡುವ ಮುಂಚೆ ಬಳೆ ತೆಗೆಯಬೇಕಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಒಬ್ಬಿಬ್ಬರು ಎಳೆದು ನೋಡಿದರು, ಬರಲಿಲ್ಲ. ಇನ್ನಾರೋ ಒಡೆಯೋಣ ಎಂದರು. ಅಮ್ಮ ಒಡೆಯಲು ಬಿಟ್ಟವರಲ್ಲ, ಯಾರಾದರೂ ಬಿಚ್ಚಲು ಬರುವವರಿದ್ದರೆ ಬಿಚ್ಚಿ ಎಂದು ಮಗ ಸುತ್ತ ನೋಡಿದ. ನಾನು ಎದುರಿಗೇ ನಿಂತಿದ್ದೆ. ನನಗೆ ಬರುತ್ತದೆ ಎಂದು ನಾನು ಹೇಳಲಿಲ್ಲ. ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡು ಸುಮ್ಮನೆ ನಿಂತೆ. ಇರಲಿ ಬಿಡಿ, ಹಾಗೇ ಹೋಗಲಿ ಎಂದ ಮಗ. ಬಳೆಗಳು ಅವರ ಜೊತೆಗೇ ಹೋದವು.

ಸ್ಕೂಟರಿನಿಂದ ಬಿದ್ದಿದ್ದ ಹುಡುಗಿ ಮೊನ್ನೆ ಪಟ್ಟಿ ಬಿಚ್ಚಿಸಿಕೊಳ್ಳಲು ಬಂದಿದ್ದಳು. ಅವಳ ಬಳೆಗಳನ್ನು ದಾರಕ್ಕೆ ಪೋಣಿಸಿ ಎಕ್ಸ್‌ರೇ ಕೋಣೆಯ ಮೊಳೆಗೆ ಹಾಕಿಟ್ಟಿದ್ದೆ. ಕಂಪ್ಯೂಟರಿನಲ್ಲಿ ಚಿತ್ರ ನೋಡಿದೆ, ಮೂಳೆ ಚೆನ್ನಾಗಿ ಕೂಡಿತ್ತು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ನೊರೆ ಹಚ್ಚಿ, ಅತ್ತೆ ಮನೆಯಲ್ಲಿ ನಾದಿನಿ ಇದ್ದಾಳೆಯೇ ಎಂದು ಕೇಳಿದೆ. ಇದ್ದಳು. ಬೇಕಾದಷ್ಟು ಸುದ್ದಿಯೂ ಇತ್ತು. ಅದು ಮುಗಿಯುವ ಹೊತ್ತಿಗೆ ಬಳೆಗಳೆಲ್ಲ ಅವಳ ಕೈ ಸೇರಿದ್ದವು. ಖುಷಿ ತಡೆಯಲಾರದೆ ನಾನು ಕಿಟಕಿಯ ಹತ್ತಿರ ಹೋಗಿ ತಲೆ ಹೊರಗೆ ಹಾಕಿ, "ಅಮ್ಮಾ, ಒಂದೂ ಒಡೀಲಿಲ್ಲ!" ಎಂದು ಕೂಗಿಯೇಬಿಟ್ಟೆ.

ಎದುರು ಅಂಗಡಿಯಲ್ಲಿ ಮೊಬೈಲ್ ಕವರುಗಳನ್ನು ನೇತುಹಾಕುತ್ತಿದ್ದ ಯುವಕ ತಲೆಯೆತ್ತಿ ನೋಡಿದ. ಯಾರನ್ನು ಕರೆದೆನೆಂದು ತಿಳಿಯದೆ ಹಿಂದೆ ಮುಂದೆ ತಿರುಗಿದ. ನಾನು ಏನೂ ಇಲ್ಲವೆಂದು ಕೈ ಆಡಿಸಿದೆ. ಹುಡುಗಿ ಮೆಟ್ಟಿಲಿಳಿದು ಬೀದಿಯಲ್ಲಿ ಹೊರಟಳು. ತಿರುವಿನವರೆಗೂ ಅವಳ ಬಳೆಯ ಸದ್ದು ಕೇಳಿಸುತ್ತಿತ್ತು, ಅಲ್ಲಿಯವರೆಗೂ ಕಿಟಕಿಯಲ್ಲೇ ನಿಂತಿದ್ದೆ.